ಸೊಂಟದ ಕೀಲುನೋವು: ಅರಿವು ಮತ್ತು ಆರೈಕೆ



ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೇಗಾಂವ್ ವಿದ್ಯುತ್ ಮಗ್ಗಗಳಿಗೆ ಹೆಸರಾದ ಪಟ್ಟಣ. ನಮ್ಮ ರಬಕವಿ-ಬನಹಟ್ಟಿ, ದೊಡ್ಡಬಳ್ಳಾಪುರಗಳಲ್ಲಿರುವಂತೆ ಅಲ್ಲಿಯೂ ಮಗ್ಗದ ಕೆಲಸವೆಂದರೆ ಬಹು ಹೊತ್ತು ನಿಂತು ಮಾಡುವ ದುಡಿಮೆ. ಇಂತಹ ಊರುಗಳಲ್ಲಿ ಸೊಂಟ ನೋಯುತ್ತಿದ್ದರೆ ಅದು ದಣಿವೆಂದು ತಿಳಿದು ಸುಮ್ಮನಿರುವುದು ಸಹಜ. ಆದರೆ ಎಲ್ಲ ನೋವೂ ದಣಿವಿನದಲ್ಲ. ಕೆಲವನ್ನು ಕಡೆಗಣಿಸಿದರೆ ಬೆನ್ನೆಲುಬೇ ಬಾಗದಂತಾಗಬಹುದು.

ಬೆನ್ನೆಲುಬಿನ ತಳದಲ್ಲಿ ಐದು ಮಣಿಗಳು ಬೆಸೆದು ಒಂದಾದ ತ್ರಿಕಾಸ್ಥಿಯಿದೆ. ಅದು ಎಡಬಲದ ಸೊಂಟದ ಎಲುಬುಗಳೊಡನೆ ಸೇರುವ ಸ್ಥಳವೇ ಸ್ಯಾಕ್ರೊಇಲಿಯಾಕ್ ಕೀಲು. ಮೈಭಾರವು ಕಾಲುಗಳಿಗೆ ಇಳಿಯುವುದು ಈ ಕೀಲುಗಳ ಮೂಲಕ. ಇವುಗಳ ಚಲನೆ ಕೆಲವೇ ಡಿಗ್ರಿಗಳಷ್ಟು. ಬಲವಾದ ಅಸ್ಥಿರಜ್ಜುಗಳು ಇವನ್ನು ಬಿಗಿದಿಟ್ಟಿರುತ್ತವೆ. ಇಲ್ಲಿನ ನೋವು ಸಾಮಾನ್ಯವಾಗಿ ಸೊಂಟದ ಕೆಳಗೆ, ಒಂದು ಮಗ್ಗುಲಿನ ಪೃಷ್ಠದಲ್ಲಿ ಕಾಣಿಸಿಕೊಂಡು ತೊಡೆಯ ಹಿಂಭಾಗಕ್ಕೂ ಹರಡಬಹುದು.

ಈ ನೋವಿನ ಕಾರಣಗಳು ಹಲವು. ಮೊದಲನೆಯದು, ಬೀಳುವಿಕೆ ಅಥವಾ ಒಂದೇ ಕಡೆಗೆ ಭಾರ ಹೊರುವಿಕೆಯಿಂದಾಗುವ ಶ್ರಮ. ಇದು ಕೆಲಸದಿಂದ ಹೆಚ್ಚಿ ವಿಶ್ರಾಂತಿಯಿಂದ ತಗ್ಗುತ್ತದೆ. ಎರಡನೆಯದು ಉರಿಯೂತದ ನೋವು. ಇದರ ರೀತಿ ತದ್ವಿರುದ್ಧ: ನಸುಕಿನಲ್ಲಿ ನೋವು ಎಬ್ಬಿಸುತ್ತದೆ, ಬೆಳಗ್ಗೆ ಅರ್ಧ ಗಂಟೆಗೂ ಮೀರಿ ಸೊಂಟ ಮರಗಟ್ಟಿರುತ್ತದೆ, ಓಡಾಡಿದಂತೆ ಹಗುರವಾಗುತ್ತದೆ. 45 ವರ್ಷದೊಳಗೆ ಆರಂಭವಾಗಿ 3 ತಿಂಗಳು ಮೀರಿದ ಇಂತಹ ನೋವು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಆರಂಭದಲ್ಲಿ ಎಕ್ಸ್-ರೇ ಚಿತ್ರ ಸರಿಯಾಗಿಯೇ ಕಾಣಬಹುದು, ಎಂ.ಆರ್.ಐ. ಪರೀಕ್ಷೆಯಲ್ಲಿ ರೋಗ ಬೇಗ ಗೋಚರಿಸುತ್ತದೆ. ಮೂರನೆಯದು ಸೋಂಕು. ಸಂಜೆಯ ಜ್ವರ, ತೂಕ ಇಳಿಯುವಿಕೆ ಇದ್ದರೆ ಕೀಲಿನ ಕ್ಷಯವನ್ನು ಶಂಕಿಸಬೇಕು. ಕ್ಷಯದ ತಪಾಸಣೆ ಮತ್ತು ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಗರ್ಭಿಣಿಯರಲ್ಲಿ ಹಾರ್ಮೋನುಗಳ ಪ್ರಭಾವದಿಂದ ಅಸ್ಥಿರಜ್ಜುಗಳು ಸಡಿಲಗೊಳ್ಳುವುದರಿಂದಲೂ ಹೆಚ್ಚುವ ಭಾರದಿಂದಲೂ ಈ ಕೀಲುಗಳು ನೋಯುವುದುಂಟು. ಅವರು ಮಂಡಿಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗುವುದು, ಕುಳಿತು ಬಟ್ಟೆ ಧರಿಸುವುದು, ಕೊಡವನ್ನು ಸೊಂಟದ ಒಂದೇ ಬದಿಗೆ ಇಟ್ಟು ಹೊರದಿರುವುದು ಒಳಿತು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ತಪಾಸಣೆಯುಂಟು. ಅಲ್ಲಿ ಈ ನೋವನ್ನೂ ತಿಳಿಸಬೇಕು.

ಚಿಕಿತ್ಸೆಯು ಕಾರಣವನ್ನು ಅವಲಂಬಿಸಿದೆ. ಶ್ರಮದ ನೋವಿಗೆ ಕೆಲ ದಿನಗಳ ಮಿತ ವಿಶ್ರಾಂತಿ, ಬಿಸಿ ಕಾವು, ಅನಂತರ ಹೊಟ್ಟೆ ಹಾಗೂ ಪೃಷ್ಠದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಸಾಕಾಗಬಹುದು. ದೀರ್ಘಕಾಲ ಹಾಸಿಗೆ ಹಿಡಿದರೆ ಸ್ನಾಯುಗಳು ಕುಗ್ಗುತ್ತವೆ. ಉರಿಯೂತಕ್ಕೆ ನಿತ್ಯ ವ್ಯಾಯಾಮ ಮತ್ತು ಔಷಧಿಗಳೆರಡೂ ಅವಶ್ಯ, ಧೂಮಪಾನವನ್ನು ತ್ಯಜಿಸಬೇಕು. ಅಂಗಡಿಯಿಂದ ತಾವೇ ತಂದ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ಸೇವಿಸಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಯಾದೀತು.

ಮಲಮೂತ್ರಗಳ ಹತೋಟಿ ತಪ್ಪಿದರೆ, ಗುಪ್ತಾಂಗದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಕಾಲು ಬಲಗುಂದಿದರೆ, ತೀವ್ರ ಜ್ವರವಿದ್ದರೆ ಅಥವಾ ವೃದ್ಧರು ಬಿದ್ದು ಏಳಲಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನೋವು ಯಾವ ಹೊತ್ತಿನಲ್ಲಿ ಹೆಚ್ಚು, ಯಾವುದರಿಂದ ಕಡಿಮೆ ಎಂಬುದನ್ನು ಗಮನಿಸಿ ವೈದ್ಯರಿಗೆ ಸ್ಪಷ್ಟವಾಗಿ ಹೇಳಿರಿ. ರೋಗನಿರ್ಣಯದ ಅರ್ಧ ಭಾಗ ಆ ಮಾತಿನಲ್ಲಿಯೇ ಅಡಗಿರುತ್ತದೆ.