ಅಂಜಿಕೆಯ ನಡುವೆ ನಂಬಿಕೆ



ದೇವರನ್ನು ನಂಬಿದವನಿಗೆ ಭಯವೇಕೆ ಎಂದು ಕೇಳುವವರಿದ್ದಾರೆ. ಆದ್ದರಿಂದಲೇ ನಮ್ಮಲ್ಲಿ ಎಷ್ಟೋ ಮಂದಿ ಭಯವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಭಾನುವಾರ ಆರಾಧನೆಗೆ ಹೋಗುತ್ತೇವೆ, ಎಲ್ಲರೊಡನೆ ಹಾಡುತ್ತೇವೆ, ಬಾಗಿಲಲ್ಲಿ ನಿಂತು ನಾಲ್ಕು ಜನರೊಡನೆ ನಗುತ್ತೇವೆ. ಮನೆಗೆ ಬಂದು ದೀಪ ಆರಿಸಿದ ಮೇಲೆ ‘ದೇವರು ನಿಜವಾಗಿ ಇದ್ದಾರೆಯೇ? ಇದ್ದರೆ ನನಗೇಕೆ ಹೀಗಾಯಿತು?’ ಎಂಬ ಪ್ರಶ್ನೆ ಎದುರಿಗೆ ಬಂದು ಕೂರುತ್ತದೆ. ಅಂಥ ಪ್ರಶ್ನೆಯೊಂದನ್ನು ಒಳಗೇ ಇಟ್ಟುಕೊಂಡು ಈ ಪುಟವನ್ನು ಓದುತ್ತಿದ್ದೀರಾದರೆ, ಈ ಮಾತುಗಳು ನಿಮಗಾಗಿಯೇ.

ನೀಲಗಿರಿಯಲ್ಲಿ ಬಾಳುವವರಿಗೆ ಭಯವೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. 2009ರ ನವೆಂಬರ್ ತಿಂಗಳ ಮಳೆ ಕೆತ್ತಿಯ ಜನರಿಗೆ ಇಂದಿಗೂ ನೆನಪಿದೆ. ಅದೇ ತಿಂಗಳ 10ರಂದು ದಾಖಲಾದ ಲೆಕ್ಕದಂತೆ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕೆತ್ತಿಯಲ್ಲಿ ಬಿದ್ದ ಮಳೆ 82 ಸೆಂಟಿಮೀಟರ್. ಎಷ್ಟೋ ಊರುಗಳಿಗೆ ಒಂದು ವರ್ಷಕ್ಕೆ ಸಿಗುವ ನೀರು ಒಂದೇ ಹಗಲು ರಾತ್ರಿಯಲ್ಲಿ ಸುರಿಯಿತು. ಕೆತ್ತಿ, ಕೂನೂರು, ಕೋತಗಿರಿ ಸುತ್ತಮುತ್ತ ನೂರಾರು ಕಡೆ ಗುಡ್ಡ ಜಾರಿತು. ಮನೆಗಳು ಮಣ್ಣಾದವು, ರೈಲುಹಳಿ ತುಂಡಾಯಿತು, ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಪ್ರಾರ್ಥನೆ ಮಾಡಿ ಮಲಗಿದವರೂ, ಮಾಡದೆ ಮಲಗಿದವರೂ ಒಂದೇ ಮಳೆಯಲ್ಲಿ ನೆನೆದರು. ಅಂದಿನಿಂದ ಈಚೆಗೆ, ರಾತ್ರಿ ಜೋರಾಗಿ ಮಳೆ ಹಿಡಿದರೆ ಎದ್ದು ಕೂತು ಮನೆಯ ಹಿಂದಿನ ದಿಬ್ಬಕ್ಕೆ ಕಿವಿಗೊಡುವವರಿದ್ದಾರೆ. 2024ರ ಜುಲೈ 30ರ ನಸುಕಿನಲ್ಲಿ, ನಮ್ಮ ಗೂಡಲೂರಿಗೆ ನೆರೆಯಾದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಊರುಗಳನ್ನು ಗುಡ್ಡವೇ ಬಂದು ನುಂಗಿದಾಗ, ಇಲ್ಲಿಯವರ ಹಳೆಯ ಭಯ ಮತ್ತೆ ಎದ್ದಿತು.

ಇಂಥ ಹೊತ್ತಿನಲ್ಲಿ ವಿಶ್ವಾಸಿಯ ಮನಸ್ಸನ್ನು ಎರಡು ನೋವು ಒಟ್ಟಿಗೆ ಬಾಧಿಸುತ್ತವೆ. ಮೊದಲನೆಯದು, ಆದ ನಷ್ಟದ ನೋವು. ಎರಡನೆಯದು, ‘ನಾನು ಹೆದರಿದೆನಲ್ಲ, ಸಂಶಯಪಟ್ಟೆನಲ್ಲ, ಹಾಗಾದರೆ ನನ್ನ ನಂಬಿಕೆ ಸುಳ್ಳೇ?’ ಎಂಬ ನೋವು. ಮೊದಲನೆಯದಕ್ಕೆ ಒಂದೇ ಮಾತಿನ ಉತ್ತರ ಕೊಡಲು ಯಾರಿಂದಲೂ ಆಗದು. ಸಾವಿನ ಮನೆಯಲ್ಲಿ ನಿಂತು ದೇವರ ಲೆಕ್ಕವನ್ನು ಬಿಡಿಸಿ ಹೇಳಲು ಹೋಗುವುದು ಸರಿಯೂ ಅಲ್ಲ. ಆದರೆ ಎರಡನೆಯ ನೋವಿಗೆ ಸತ್ಯವೇದದಲ್ಲಿ ನೇರವಾದ ಉತ್ತರವಿದೆ.

ಮಾರ್ಕನ ಸುವಾರ್ತೆಯ 4ನೇ ಅಧ್ಯಾಯವನ್ನು ನೋಡಿರಿ. ಗಲಿಲಾಯ ಸಮುದ್ರದಲ್ಲಿ ಬಿರುಗಾಳಿ. ದೋಣಿಗೆ ನೀರು ತುಂಬುತ್ತಿದೆ. ಯೇಸುಸ್ವಾಮಿ ಹಿಂಭಾಗದಲ್ಲಿ ಮಲಗಿ ನಿದ್ರಿಸುತ್ತಿದ್ದಾರೆ. ಶಿಷ್ಯರು ಅವರನ್ನು ಎಬ್ಬಿಸಿ, ನಾವು ಸಾಯುವುದು ನಿಮಗೆ ಚಿಂತೆಯಿಲ್ಲವೇ ಎಂದು ಕೇಳುತ್ತಾರೆ. ಇದು ಭಕ್ತಿಯ ಮಾತಲ್ಲ, ದೂರಿನ ಮಾತು. ಆದರೂ ಸ್ವಾಮಿ ಮೊದಲು ಗಾಳಿಯನ್ನು ನಿಲ್ಲಿಸಿದರು, ಆಮೇಲೆ ಅವರ ನಂಬಿಕೆಯ ವಿಷಯ ಕೇಳಿದರು. ಈ ಕ್ರಮವನ್ನು ಗಮನಿಸಿರಿ. ನಂಬಿಕೆ ಸರಿಪಡಿಸಿಕೊಂಡು ಬನ್ನಿ, ಆಮೇಲೆ ಕಾಪಾಡುತ್ತೇನೆ ಎಂದು ಅವರು ಹೇಳಲಿಲ್ಲ. ಶಿಷ್ಯರು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ತಮ್ಮ ದೂರನ್ನು ಬೇರೆಲ್ಲಿಗೂ ಒಯ್ಯದೆ ಸ್ವಾಮಿಯ ಬಳಿಗೇ ಒಯ್ದದ್ದು.

ಅದೇ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಬರುತ್ತಾನೆ. ಮಗನಿಗೆ ಚಿಕ್ಕಂದಿನಿಂದ ಕಾಯಿಲೆ. ಬೆಂಕಿಗೂ ನೀರಿಗೂ ಬಿದ್ದ ಮಗನನ್ನು ಎತ್ತಿ ಎತ್ತಿ ಸೋತವನು ಆತ. ನಂಬುತ್ತೇನೆ ಎಂಬ ಮಾತನ್ನೂ, ನನ್ನಲ್ಲಿ ನಂಬಿಕೆ ಸಾಲದು ಎಂಬ ಮಾತನ್ನೂ ಆತ ಒಂದೇ ಉಸಿರಿನಲ್ಲಿ ಹೇಳಿದ. ಅಷ್ಟಕ್ಕೇ ಮಗ ಗುಣವಾದ. ಅರೆ ನಂಬಿಕೆ, ಅರೆ ಸಂಶಯ ಹೊತ್ತು ಬಂದವನನ್ನು ಯೇಸುಸ್ವಾಮಿ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲಿಲ್ಲ. ಸೆರೆಮನೆಯಲ್ಲಿದ್ದ ಸ್ನಾನಿಕ ಯೋಹಾನನು, ಬರಬೇಕಾದವರು ನೀವೋ ಅಲ್ಲವೋ ಎಂದು ಕೇಳಿಕಳುಹಿಸಿದಾಗಲೂ ಸ್ವಾಮಿ ಕೋಪಿಸಿಕೊಳ್ಳಲಿಲ್ಲ. ಆ ಪ್ರಶ್ನೆ ಬಂದ ದಿನವೇ ಜನರ ಮುಂದೆ ಅವನನ್ನು ಹೊಗಳಿದರು.

ಇನ್ನು ನಮ್ಮ ಕೆತ್ತಿಯ ಚರಿತ್ರೆಗೇ ಬರೋಣ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅಲ್ಲಿಂದ 1846ರಲ್ಲಿ ಕೆತ್ತಿಗೆ ಬಂತು. ಅದಕ್ಕೆ ಕಾರಣರಾದವರು ಜಾರ್ಜ್ ಕ್ಯಾಸಮೇಜರ್ ಎಂಬ, ಮದರಾಸು ಸರ್ಕಾರದ ನಿವೃತ್ತ ಅಧಿಕಾರಿ. ಹಿಂದೆ ಗವರ್ನರ್ ಎಲ್ಫಿನ್‌ಸ್ಟನ್ ಅವರದಾಗಿದ್ದ ಕೆತ್ತಿಯ ಮನೆಯನ್ನು ಅವರು ಕೊಂಡುಕೊಂಡರು. ಬೆಟ್ಟದ ಬಡಗರೊಡನೆ ಮಾತಾಡಬೇಕೆಂದು ಇಳಿವಯಸ್ಸಿನಲ್ಲಿ ಕನ್ನಡ ಕಲಿತರು, ಮಕ್ಕಳಿಗೆ ಶಾಲೆ ತೆರೆದರು. 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯ ಬಹುಭಾಗವನ್ನು ಈ ಕೆಲಸಕ್ಕೇ ಬಿಟ್ಟುಹೋದರು. ಆದರೆ ತಾವು ಹಾರೈಸಿದ ಫಲವನ್ನು ಅವರು ಕಣ್ಣಾರೆ ಕಾಣಲಿಲ್ಲ. ಬಡಗರಲ್ಲಿ ಮೊದಲ ದೀಕ್ಷಾಸ್ನಾನ ನಡೆದದ್ದು 1858ರಲ್ಲಿ. ಎಂದರೆ ಮಿಷನ್ ಬಂದು ಹನ್ನೆರಡು ವರ್ಷ ಕಳೆದ ಮೇಲೆ.

ಹನ್ನೆರಡು ವರ್ಷವೆಂದರೆ ಹನ್ನೆರಡು ಮಳೆಗಾಲ. ಹಟ್ಟಿಯಿಂದ ಹಟ್ಟಿಗೆ ನಡೆದು, ಜಗಲಿಯಲ್ಲಿ ಕೂತು ಮಾತಾಡಿ, ಬರಿಗೈಯಲ್ಲಿ ಹಿಂದಿರುಗಿದ ಹನ್ನೆರಡು ವರ್ಷ. ಯೋಹಾನ್ ಫ್ರೀಡ್ರಿಕ್ ಮೆಟ್ಸ್ ಎಂಬ ಬೋಧಕರು ಇಂಥ ನಡಿಗೆಯಲ್ಲೇ ಬಾಳಿನ ಬಹುಭಾಗ ಕಳೆದರು. ಬೆಟ್ಟದ ಜನರ ಬದುಕನ್ನು ಕಂಡು ಬರೆದ ಅವರ ಪುಸ್ತಕ ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅವರು 1885ರಲ್ಲಿ ತೀರಿಕೊಂಡರು. ಲೂಕನ ಸುವಾರ್ತೆ ಬಡಗ ಮಾತಿನಲ್ಲಿ, ಕನ್ನಡ ಅಕ್ಷರದಲ್ಲಿ ಅಚ್ಚಾದದ್ದು 1890ರಲ್ಲಿ. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು. ‘ನನ್ನ ಪ್ರಾರ್ಥನೆಗೆ ಇಷ್ಟು ದಿನವಾದರೂ ಉತ್ತರವಿಲ್ಲವಲ್ಲ’ ಎಂದು ಕುಗ್ಗಿರುವ ನೀವು, ಕೆತ್ತಿಯ ಆ ಹನ್ನೆರಡು ವರ್ಷವನ್ನು ಒಮ್ಮೆ ನೆನೆಯಿರಿ. ಉತ್ತರ ತಡವಾಗುವುದೂ ಉತ್ತರವೇ ಇಲ್ಲದಿರುವುದೂ ಒಂದೇ ಅಲ್ಲ.

ಭಯವಿದ್ದದ್ದು ಬೋಧಕರಿಗೆ ಮಾತ್ರವಲ್ಲ. ಹೊಸದಾಗಿ ನಂಬಿದವರಿಗೆ ಹಟ್ಟಿಯ ಬಳಗ ಕೈಬಿಟ್ಟೀತೆಂಬ ಭಯವಿತ್ತು. ಹಬ್ಬಕ್ಕೆ ಕರೆ ಬಾರದಿದ್ದರೆ, ಮದುವೆಗೆ ಹೆಣ್ಣು ಗಂಡು ಸಿಗದಿದ್ದರೆ, ಸಾವಿಗೆ ಹೆಗಲು ಕೊಡುವವರಿಲ್ಲದಿದ್ದರೆ ಏನು ಗತಿ? ಬೆಟ್ಟದ ಬಾಳು ತಿಳಿದವರಿಗೆ ಇದು ಸಣ್ಣ ಭಯವಲ್ಲವೆಂದು ಗೊತ್ತು. ಹಳೆಯ ದಾರಿಯಲ್ಲೇ ನಿಂತವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಅವರ ಭಕ್ತಿ ಅವರಿಗೆ ದೊಡ್ಡದು. ಅಂಜುತ್ತಲೇ ಹೆಜ್ಜೆಯಿಟ್ಟವರಿಂದ ಇಲ್ಲಿಯ ಸಭೆ ಬೆಳೆಯಿತು ಎಂಬುದಷ್ಟೇ ಈ ಮಾತಿನ ಸಾರ.

ಮಹಾತ್ಮರೆನಿಸಿದವರಿಗೂ ಈ ಕತ್ತಲೆ ತಪ್ಪಲಿಲ್ಲ. ಕೊಲ್ಕತ್ತೆಯ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಹೊರಬಂದಾಗ ಲೋಕ ಬೆರಗಾಯಿತು. ದೇವರ ಸನ್ನಿಧಿ ಮನಸ್ಸಿಗೆ ಹತ್ತದೆ ಅವರು ಹಲವು ದಶಕ ಒಳಗೊಳಗೇ ನರಳಿದ್ದರು. ಆದರೂ ಬೆಳಗಾದರೆ ಎದ್ದು ಪ್ರಾರ್ಥಿಸಿದರು, ಬೀದಿಯಲ್ಲಿ ಬಿದ್ದವರನ್ನು ಎತ್ತಿದರು. 2016ರಲ್ಲಿ ಅವರನ್ನು ಸಂತರೆಂದು ಸಾರಿದಾಗ ಈ ಪತ್ರಗಳು ಎಲ್ಲರಿಗೂ ತಿಳಿದಿದ್ದವು. ನಂಬಿಕೆ ಬರಿಯ ಮನಸ್ಸಿನ ಹಿತವಲ್ಲ. ಹಿತವಿಲ್ಲದ ದಿನವೂ ಬಿಡದೆ ಹಿಡಿದುಕೊಳ್ಳುವುದೇ ನಂಬಿಕೆ.

ಬಂಧುಗಳೇ, ಭಯಪಡುವುದು ಪಾಪವಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ ಕಳವಳಗೊಂಡರು. ಆದರೆ ಭಯವನ್ನು ಮುಚ್ಚಿಟ್ಟು ಬೆಳೆಸಿದರೆ ಅದು ಕೆಡುಕು ಮಾಡುತ್ತದೆ. ಇದಕ್ಕೂ ನಮ್ಮ ಬೆಟ್ಟವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಯಿಲೆ, ಸಾವು, ದನಗಳಿಗೆ ರೋಗ ಬಂದಾಗ, ಕುರುಂಬರು ಮಾಟ ಮಾಡಿದರೆಂದು ಇಲ್ಲಿ ಅಂಜುತ್ತಿದ್ದರು. ಆ ಅಂಜಿಕೆಯಿಂದ 1835ರಲ್ಲಿಯೂ, ಆಮೇಲೂ ಏನೂ ತಪ್ಪು ಮಾಡದ ಕುರುಂಬರನ್ನು ಕೊಂದದ್ದು ದಾಖಲೆಯಲ್ಲಿದೆ. ಇಂದು ನಾವು ಕೊಲ್ಲುವುದಿಲ್ಲ, ನಿಜ. ಆದರೆ ಮನೆಗೆ ಕಷ್ಟ ಬಂದಾಗ ಸೊಸೆಯ ಕಾಲ್ಗುಣವೆಂದೋ, ನೆರೆಯವರ ಕಣ್ಣೆಂದೋ, ಬೇರೆ ಮತದವರ ಕೆಲಸವೆಂದೋ ಬೆರಳು ತೋರುವುದುಂಟಲ್ಲ? ದೇವರ ಮುಂದೆ ಇಳಿಸದ ಭಯದ ಹೊರೆ ಕೊನೆಗೆ ನೆರೆಯವನ ತಲೆಯ ಮೇಲೆ ಬೀಳುತ್ತದೆ.

ಇನ್ನೊಂದು ತಪ್ಪುತಿಳಿವಳಿಕೆಯೂ ಇದೆ. ಮಳೆ ಹೆಚ್ಚಾದಾಗ ಅಧಿಕಾರಿಗಳು ಬಂದು ಮನೆ ಬಿಟ್ಟು ಶಿಬಿರಕ್ಕೆ ಬನ್ನಿ ಎನ್ನುತ್ತಾರೆ. ‘ದೇವರು ಕಾಯುತ್ತಾರೆ, ನಾವು ಬರುವುದಿಲ್ಲ’ ಎಂದು ಕೂರುವುದು ನಂಬಿಕೆಯಂತೆ ಕಾಣುತ್ತದೆ. ಆದರೆ ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಸೈತಾನನು ಹೇಳಿದಾಗ ಯೇಸುಸ್ವಾಮಿ ಧುಮುಕಲಿಲ್ಲ. ದೇವರನ್ನು ಪರೀಕ್ಷಿಸುವುದು ಬೇರೆ, ದೇವರನ್ನು ನಂಬುವುದು ಬೇರೆ. ಎಚ್ಚರಿಕೆ ಕೊಡಲು ಬಂದ ಅಧಿಕಾರಿಯನ್ನೂ ದೇವರೇ ಕಳುಹಿಸಿರಬಹುದಲ್ಲ? ಮಕ್ಕಳ ಕೈಹಿಡಿದು ಬೇಗ ಹೊರಡಿರಿ. ಪಕ್ಕದ ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿರಿ. ಹಾಗೆಯೇ, ವಾರಗಟ್ಟಲೆ ನಿದ್ದೆ ಬಾರದೆ, ಬದುಕೇ ಬೇಡವೆನ್ನಿಸಿದರೆ ವೈದ್ಯರ ಬಳಿಗೆ ಹೋಗುವುದು ಅಪನಂಬಿಕೆಯಲ್ಲ. ಜ್ವರಕ್ಕೆ ಮಾತ್ರೆ ನುಂಗುವವರು ಮನಸ್ಸಿನ ಬೇನೆಗೆ ಔಷಧಿ ತೆಗೆದುಕೊಳ್ಳಲು ನಾಚಬೇಕೇಕೆ?

ಹಾಗಾದರೆ ಸಂಶಯ ಬಂದಾಗ ಮಾಡಬೇಕಾದದ್ದೇನು? ಎಲೀಯನ ಕಥೆ ಇದನ್ನು ಚೆನ್ನಾಗಿ ಹೇಳುತ್ತದೆ. ಈಜೆಬೆಲ್ ರಾಣಿಗೆ ಹೆದರಿ ಓಡಿದ ಆ ದೊಡ್ಡ ಪ್ರವಾದಿ, ಸಾಕಪ್ಪಾ ಈ ಜೀವ ಎಂದು ಒಂದು ಗಿಡದ ಕೆಳಗೆ ಮಲಗಿಬಿಟ್ಟ. ದೇವದೂತನು ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸಿದ. ತಿಂದವನನ್ನು ಮತ್ತೆ ಮಲಗಲು ಬಿಟ್ಟು, ಮತ್ತೊಮ್ಮೆ ಎಬ್ಬಿಸಿ ಉಣಿಸಿದ. ದೇವರ ಮೆಲುದನಿ ಕೇಳಿಸಿದ್ದು ಆಮೇಲೆ. ನಿಮ್ಮ ಮನೆಯಲ್ಲಿ ಯಾರಾದರೂ ಸೋತು ಕೂತಿದ್ದರೆ ಮೊದಲು ಬಿಸಿ ಕಾಫಿ ಕೊಡಿ, ಊಟ ಬಡಿಸಿ. ವಚನ ಹೇಳಲು ಆಮೇಲೆ ಹೊತ್ತಿದೆ.

ತೋಮನ ಕಥೆಯೂ ಇದೆ. ಕಣ್ಣಾರೆ ಕಾಣದೆ ನಂಬಲಾರೆ ಎಂದವನು ಅವನು. ಹಾಗೆಂದು ಉಳಿದ ಶಿಷ್ಯರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಅವರನ್ನು ಬಿಟ್ಟುಹೋಗಲಿಲ್ಲ. ಎಂಟು ದಿನದ ಮೇಲೆ ಸ್ವಾಮಿ ಬಂದಾಗ ಅವನು ಅವರ ನಡುವೆಯೇ ಇದ್ದ. ಸಂಶಯವಿದ್ದರೂ ಸಹವಾಸ ಬಿಡಲಿಲ್ಲ, ಅದೇ ಅವನನ್ನು ಉಳಿಸಿತು. ನಮ್ಮ ದೇಶಕ್ಕೆ ಸುವಾರ್ತೆ ತಂದವನು ಇದೇ ತೋಮನೆಂದು, ಮದರಾಸಿನ ಪರಂಗಿಮಲೆಯಲ್ಲಿ ಪ್ರಾಣ ಕೊಟ್ಟನೆಂದು ಪರಂಪರೆ ಹೇಳುತ್ತದೆ. ಕೇಳಿ ಕೇಳಿ ನಂಬಿದವನು ಬಹಳ ದೂರ ನಡೆದಾನು!

ಆದ್ದರಿಂದ ಬಂಧುಗಳೇ, ನಿಮ್ಮ ಪ್ರಶ್ನೆಯನ್ನು ಪ್ರಾರ್ಥನೆಯಲ್ಲಿ ಇದ್ದಂತೆಯೇ ಹೇಳಿರಿ, ಮಾತು ಸಿಂಗರಿಸಬೇಡಿರಿ. ನಂಬಿಕಸ್ತರಾದ ಒಬ್ಬರ ಮುಂದಾದರೂ ಬಾಯಿಬಿಡಿರಿ. ಯಾರಾದರೂ ನಿಮ್ಮ ಮುಂದೆ ಅಂಥ ಮಾತಾಡಿದರೆ ಗದರಿಸದೆ ಕೇಳಿರಿ. ನಿಮಗಿಂತ ಹೆಚ್ಚು ಹೆದರಿದವರು ಹತ್ತಿರದಲ್ಲೇ ಇರುತ್ತಾರೆ, ಅವರ ಬಾಗಿಲು ತಟ್ಟಿರಿ. 2009ರಲ್ಲಿ ಗುಡ್ಡ ಜಾರಿದಾಗ ಮನೆ ಕಳೆದುಕೊಂಡವರಿಗೆ ಮನೆ ಉಳಿದವರೇ ಆಸರೆಯಾದರು. ಮಣ್ಣು ತೆಗೆಯುವ ಕೈಗಳಿಗೆ ಯಾರ ದೇವರು ಯಾರೆಂದು ಕೇಳಲು ಪುರುಸೊತ್ತಿರಲಿಲ್ಲ. ದೇವರು ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಆ ಕೈಗಳೂ ಒಂದು ಉತ್ತರವೇ.

ಬೆಟ್ಟದಲ್ಲಿ ಮಂಜು ಕವಿದಾಗ ದೊಡ್ಡಬೆಟ್ಟವೂ ಕಾಣುವುದಿಲ್ಲ. ಆಗ ನಾವು ಓಡುವುದಿಲ್ಲ, ಒಬ್ಬರ ಕೈ ಒಬ್ಬರು ಹಿಡಿದು ಮೆಲ್ಲನೆ ನಡೆಯುತ್ತೇವೆ. ಸಂಶಯದ ದಿನಗಳಲ್ಲಿಯೂ ಹಾಗೆಯೇ ನಡೆಯೋಣ. ದೇವರು ನಿಮ್ಮೆಲ್ಲರಿಗೂ ಸಮಾಧಾನವನ್ನು ದಯಪಾಲಿಸಲಿ.