ನೇರಳೆ ಮರದ ನೆರಳು



ಧ್ಯಾನ ಅಂದರೆ ಉಪವಾಸ ಬಿದ್ದು ಮೈ ಒಣಗಿಸೋದು ಅಂತ ನಾವು ಎಷ್ಟೋ ಜನ ತಿಳಿದಿದ್ದೇವೆ. ಸುಮಾರು 2500 ವರ್ಷಗಳ ಹಿಂದೆ ಸಿದ್ಧಾರ್ಥನೂ ಹಾಗೇ ತಿಳಿದಿದ್ದ. 6 ವರ್ಷ ಕಠಿಣ ತಪಸ್ಸು ಮಾಡಿದ. ಹೊಟ್ಟೆ ಮುಟ್ಟಿದರೆ ಬೆನ್ನುಮೂಳೆ ಕೈಗೆ ಸಿಗುತ್ತಿತ್ತಂತೆ. ಜ್ಞಾನ ಮಾತ್ರ ಸಿಗಲಿಲ್ಲ.

ಆಗ ಚಿಕ್ಕಂದಿನ ಒಂದು ದಿನ ನೆನಪಾಯಿತು. ಅಪ್ಪ ಹೊಲದ ಕೆಲಸದಲ್ಲಿದ್ದ. ಹುಡುಗ ನೇರಳೆ ಮರದ ನೆರಳಲ್ಲಿ ಕೂತಿದ್ದ. ಮನಸ್ಸು ತಾನಾಗೇ ತಿಳಿಯಾಗಿತ್ತು. ಇದೇ ದಾರಿ ಇರಬಹುದಲ್ಲ ಅಂದುಕೊಂಡ.

ಹಸಿದ ಹೊಟ್ಟೆಯಲ್ಲಿ ಮನಸ್ಸು ನಿಲ್ಲೋದಿಲ್ಲ. ಅದು ನಮಗೂ ಗೊತ್ತಿರೋದೇ! ಸಿದ್ಧಾರ್ಥ ಅನ್ನ ಉಂಡ. 'ಇವನು ಕೆಟ್ಟ' ಅಂತ ಜೊತೆಯ 5 ಮಂದಿ ಬಿಟ್ಟುಹೋದರು.

ಉಂಡ ಮೇಲೇ ಅವನು ಗಯೆಯ ಹತ್ತಿರ ಅರಳಿಮರದ ಕೆಳಗೆ ಧ್ಯಾನಕ್ಕೆ ಕೂತ, ಬುದ್ಧನಾದ. ಆಮೇಲೆ ಸಾರನಾಥಕ್ಕೆ ನಡೆದು, ಆ ಐವರಿಗೇ ಮೊದಲು ಉಪದೇಶ ಹೇಳಿದ.