ಊರವರ ಹಣ, ಊರವರಿಗೇ ಸಾಲ



ತುಮಕೂರು ರಸ್ತೆಯ ನಾಗಸಂದ್ರ ಈಗ ಹೆಸರಿಗೆ ಮಾತ್ರ ಹಳ್ಳಿ. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. 2015ರಲ್ಲಿ ಮೆಟ್ರೊ ರೈಲು ಸಹ ಬಂದಿತು. ಇಂತಹ ನಗರದಂಚಿನ ಊರುಗಳಲ್ಲಿ ಗುತ್ತಿಗೆ ಜಮೀನಿನಲ್ಲಿ ಸೊಪ್ಪು ಬೆಳೆಯುವವರಿಗೂ, ಓದುತ್ತಲೇ ಅಣಬೆ ಬೆಳೆಯಲು ಹೊರಟ ವಿದ್ಯಾರ್ಥಿಗಳಿಗೂ ತೊಡಕು ಒಂದೇ: ಪಹಣಿ ಅವರ ಹೆಸರಿನಲ್ಲಿ ಇರುವುದಿಲ್ಲ. ಪಹಣಿ ಇಲ್ಲದವರಿಗೆ ಬೆಳೆಸಾಲ ಸಿಗುವುದು ಕಷ್ಟ. ಆಗ ಕೈಸಾಲವೇ ಗತಿ. ನೂರಕ್ಕೆ ತಿಂಗಳಿಗೆ 5 ರೂಪಾಯಿಯಂತೆ 10,000 ರೂಪಾಯಿ ತಂದರೆ ವರ್ಷಕ್ಕೆ ಬಡ್ಡಿಯೇ 6,000 ರೂಪಾಯಿ. ಅಸಲು ಇದ್ದ ಹಾಗೆಯೇ ಇರುತ್ತದೆ.

ಇದು ಹಳೆಯ ಕಾಯಿಲೆ. ಮದ್ದೂ ಕರ್ನಾಟಕದಲ್ಲಿ ಹಳೆಯದೇ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದರು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಡಿ ನೋಂದಣಿಯಾದ ದೇಶದ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಅದೂ ಒಂದು. ಹತ್ತು ಮಂದಿ ಸೇರಿದರೆ ಸಂಘ ಮಾಡಬಹುದಿತ್ತು. ಹಳ್ಳಿಯ ಸಂಘದಲ್ಲಿ ಹೊಣೆಗೆ ಮಿತಿ ಇರಲಿಲ್ಲ, ಅಂದರೆ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಬಾಧ್ಯರು. ಜರ್ಮನಿಯ ರೈಫೈಸನ್ ಎಂಬವರು ಹಳ್ಳಿಗರಲ್ಲಿ ರೂಢಿಸಿದ ಪದ್ಧತಿ ಇದು. ಕೇಳಲು ಕಠಿಣ; ಆದರೆ ಯಾರ ಬಾವಿಯಲ್ಲಿ ನೀರಿದೆ, ಯಾರು ಸಾಲದ ಹಣವನ್ನು ಮದುವೆಗೆ ಸುರಿಯುತ್ತಾರೆ ಎಂಬುದು ನೆರೆಯವರಿಗೆ ತಿಳಿದಷ್ಟು ಯಾವ ಅಧಿಕಾರಿಗೂ ತಿಳಿಯದು.

ಮುಂದೆ ಸಂಘಗಳು ದೊಡ್ಡವಾದಂತೆ ಈ ಪರಿಚಯ ತೆಳುವಾಯಿತು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆಗಳಲ್ಲಿ, ಕೆಟ್ಟುನಿಂತ ಸಹಕಾರ ಸಂಘಗಳಿಂದ ಜನರೇ ಸಣ್ಣ ಗುಂಪುಗಳಾಗಿ ಹೊರಬಂದರು. ನಬಾರ್ಡ್ 1987ರಲ್ಲಿ ಇಂತಹ ಗುಂಪುಗಳಿಗಾಗಿ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಇಂದಿನ ಸ್ವಸಹಾಯ ಸಂಘಗಳ ಬೇರು ಅಲ್ಲಿದೆ. ಗುತ್ತಿಗೆದಾರರು ನಾಲ್ಕರಿಂದ ಹತ್ತು ಮಂದಿ ಸೇರಿ ಜಂಟಿ ಹೊಣೆಗಾರಿಕೆ ಗುಂಪಾಗಿ ಬ್ಯಾಂಕ್ ಸಾಲ ಕೇಳಲೂ ಈಗ ಅವಕಾಶವಿದೆ.

ನಿಧಿಯ ಲೆಕ್ಕ ಸುಲಭ. ಇಪ್ಪತ್ತು ಜನ ತಿಂಗಳಿಗೆ ನೂರರಂತೆ ಕಟ್ಟಿದರೆ ವರ್ಷಕ್ಕೆ 24,000 ರೂಪಾಯಿ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಹಾಕಿದರೂ ಆ ಬಡ್ಡಿ ಹೊರಗೆ ಹೋಗದೆ ಸದಸ್ಯರ ಗಂಟಿಗೇ ಸೇರುತ್ತದೆ. ಕಷ್ಟವಿರುವುದು ಕಂತು ಗೊತ್ತುಮಾಡುವುದರಲ್ಲಿ. ಕೊತ್ತಂಬರಿ, ಹರಿವೆ ಸೊಪ್ಪು ಒಂದು ತಿಂಗಳ ಆಸುಪಾಸಿನಲ್ಲಿ ಕೈಗೆ ಬರುತ್ತವೆ. ಅಂತಹವರಿಗೆ ತಿಂಗಳ ಕಂತು ಸರಿ. ಹಸು ಕೊಂಡವರಿಗೆ ಬತ್ತಿದ ತಿಂಗಳುಗಳಲ್ಲಿ ಕಂತು ಬಿಡಬೇಕು. ಚಿಪ್ಪು ಅಣಬೆ ಬೀಜ ಹಾಕಿದ ಮೂರು ನಾಲ್ಕು ವಾರಗಳಲ್ಲಿ ಮೊದಲ ಕೊಯ್ಲಿಗೆ ಬರುತ್ತದೆ. ಬೀಜ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದೊರೆಯುತ್ತದೆ. ಆದರೆ ಮೊದಲ ಸಲ ಬೆಳೆಯುವ ವಿದ್ಯಾರ್ಥಿಯ ಚೀಲಗಳಲ್ಲಿ ಕೆಲವಕ್ಕೆ ಬೂಷ್ಟು ಹಿಡಿಯುವುದು ಸಾಮಾನ್ಯ. ಅವನಿಗೆ ಒಮ್ಮೆಲೇ ದೊಡ್ಡ ಸಾಲ ಕೊಡುವುದು ಉಪಕಾರವಲ್ಲ. ಐವತ್ತು ಚೀಲಕ್ಕೆ ಮಾತ್ರ ಕೊಟ್ಟು, ಕೊಯ್ಲು ಮಾರಿ ತೀರಿಸಿದ ಮೇಲೆ ಇನ್ನೂರಕ್ಕೆ ಕೊಡಬೇಕು. ಇಬ್ಬರು ಸದಸ್ಯರ ಜಾಮೀನೂ ಇರಲಿ.

ಸಾಲ ತಪ್ಪಿದಾಗ ದಾಕ್ಷಿಣ್ಯ ಅಡ್ಡ ಬರುತ್ತದೆ. ಆಲಿಕಲ್ಲು ಬಿದ್ದು ಬೆಳೆ ಹೋದವರಿಗೆ ಗಡುವು ಕೊಡುವುದು ನ್ಯಾಯ. ಮಾರಿದ ಹಣ ಕೈಯಲ್ಲಿದ್ದೂ ಕಟ್ಟದ ಮುಖಂಡನಿಗೆ ಅದೇ ಗಡುವು ಕೊಟ್ಟರೆ ಮುಂದಿನ ತಿಂಗಳು ಬಡವನೂ ಕಟ್ಟುವುದಿಲ್ಲ. ಆದುದರಿಂದ ಯಾರ ಬಾಕಿ ಎಷ್ಟು, ಯಾವ ಕಾರಣಕ್ಕೆ ಎಂಬುದನ್ನು ಪ್ರತಿ ಸಭೆಯಲ್ಲೂ ಗಟ್ಟಿಯಾಗಿ ಓದಿ ಹೇಳಬೇಕು. ಲೆಕ್ಕದ ಪುಸ್ತಕ ಬರೆಯಲು ಕಾಲೇಜಿಗೆ ಹೋಗುವ ಸದಸ್ಯರನ್ನೇ ನೇಮಿಸಬಹುದು; ಹಣದ ಪೆಟ್ಟಿಗೆಯ ಬೀಗದ ಕೈ ಮಾತ್ರ ಬೇರೆಯವರ ಬಳಿ ಇರಲಿ.